ನೋಡಿ ಬರೆಯುವ ಮಕ್ಕಳು ತಾವಾಗಿಯೇ ಬರೆಯುವಂತಾಗಲು ಯಾವ ಕೈಚಟುವಟಿಕೆಗಳು ನೆರವಾಗುತ್ತವೆ?

ಪ್ರಶ್ನೆ: ಶಿಕ್ಷಕಿ, ಸೇಡಂ ತಾಲೂಕು

ಎಲ್ಲರಿಗೂ ಶರಣು. ಸೇಡಂ ತಾಲೂಕಿನ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ನಾಲ್ಕು ಮತ್ತು ಐದನೆಯ ತರಗತಿಗಳಿಗೆ ಕನ್ನಡ ಪಾಠ ಮಾಡುತ್ತಿದ್ದೇನೆ. ನನ್ನ ಹೆಚ್ಚಿನ ಮಕ್ಕಳ ಕೈಬರಹ ದುಂಡಾಗಿದೆ. ಹಲಗೆಯ ಮೇಲೆ ಬರೆದದ್ದನ್ನು ಒಂದಕ್ಷರವೂ ತಪ್ಪದಂತೆ ನೋಟ್‌ಬುಕ್ಕಿಗೆ ಇಳಿಸುತ್ತಾರೆ. ಆದರೆ ಅದೇ ಪದಗಳನ್ನು ಉಕ್ತಲೇಖನವಾಗಿ ಹೇಳಿದರೆ ‘ಅಕ್ಕ’ ಹೋಗಿ ‘ಅಕ’ ಆಗುತ್ತದೆ, ‘ಶಕ್ತಿ’ ಹೋಗಿ ‘ಶಕಿತ’ ಆಗುತ್ತದೆ, ‘ಕೋಳಿ’ಯ ದೀರ್ಘ ಎಲ್ಲಿಯೋ ಉಳಿದುಬಿಡುತ್ತದೆ. ‘ನಿಮ್ಮ ಮನೆಯ ಬಗ್ಗೆ ನಾಲ್ಕು ವಾಕ್ಯ ಬರೆಯಿರಿ’ ಎಂದರಂತೂ ಪೆನ್ಸಿಲ್ ಹಿಡಿದುಕೊಂಡು ಸುಮ್ಮನೆ ಕುಳಿತುಬಿಡುತ್ತಾರೆ. ಇವೇ ಮಕ್ಕಳು ಊಟದ ಬಿಡುವಿನಲ್ಲಿ ಹೊಲದ ಸುದ್ದಿ, ಜಾತ್ರೆಯ ಸುದ್ದಿ ಹೇಳತೊಡಗಿದರೆ ನಿಲ್ಲಿಸುವುದೇ ಇಲ್ಲ.

ವ್ಯಾಕರಣದ ಸ್ಥಿತಿಯೂ ಹೀಗೆಯೇ ಇದೆ. ಪ್ರಥಮಾದಿಂದ ಸಂಬೋಧನೆಯವರೆಗೆ ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಒಪ್ಪಿಸುತ್ತಾರೆ, ವಾಕ್ಯದಲ್ಲಿ ಬಳಸಲು ಬರುವುದಿಲ್ಲ. ನಲಿಕಲಿ ಎಂಬ ಚಟುವಟಿಕೆ ಪದ್ಧತಿಯ ಕಾರ್ಡುಗಳು ಮೂರನೆಯ ತರಗತಿಗೆ ಮುಗಿಯುತ್ತವೆ. ಆಮೇಲೆ ಪಠ್ಯಪುಸ್ತಕ ಮತ್ತು ನೋಟ್‌ಬುಕ್ಕು ಮಾತ್ರ ಉಳಿಯುತ್ತವೆ. ತರಗತಿಯಲ್ಲಿ ತಾಂಡಾದಿಂದ ಬರುವ ಮಕ್ಕಳಿದ್ದಾರೆ, ಮನೆಯಲ್ಲಿ ತೆಲುಗು ಅಥವಾ ಉರ್ದು ಮಾತಾಡುವವರೂ ಇದ್ದಾರೆ. ಕೈಯಿಂದ ಮಾಡಿ ಕಲಿಯುವ, ಖರ್ಚಿಲ್ಲದ, ದೊಡ್ಡ ತರಗತಿಗೂ ಹೊಂದುವ ವಿಧಾನಗಳನ್ನು ಬಳಸಿ ನೋಡಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ 1: ಮಾಂಟೆಸರಿ ಶಿಕ್ಷಕಿ, ಕಲಬುರಗಿ ನಗರ

ಮೇಡಂ ಅವರೇ, ‘ಶಕಿತ’ ಎಂದು ಬರೆದ ಮಗು ಅಜಾಗರೂಕತೆಯಿಂದ ಬರೆದಿಲ್ಲ, ತನ್ನ ಕಣ್ಣಿಗೆ ಕಂಡದ್ದನ್ನೇ ಬರೆದಿದೆ. ‘ಕ್ತಿ’ ಎಂಬುದನ್ನು ಒಮ್ಮೆ ಮಗುವಿನ ಕಣ್ಣಿನಿಂದ ನೋಡಿ. ಮೊದಲು ಕಾಣುವುದು ಗುಡಿಸು ಹೊತ್ತ ಕಕಾರ, ಅದರ ಕೆಳಗೆ ತ ಒತ್ತು. ಆದರೆ ಕಿವಿಗೆ ಕೇಳುವ ಕ್ರಮ ಬೇರೆ: ಮೊದಲು ಕ್, ಆಮೇಲೆ ತ್, ಕಡೆಗೆ ಇ. ಸ್ವರಚಿಹ್ನೆ ಮೇಲಿನ ಅಕ್ಷರಕ್ಕೆ ಅಂಟಿಕೊಂಡಿದ್ದರೂ ಅದರ ಉಚ್ಚಾರಣೆ ಕೆಳಗಿನ ಅಕ್ಷರಕ್ಕೆ ಸೇರುತ್ತದೆ ಎಂಬ ಈ ಸಂಗತಿಯನ್ನು ನಾವು ಬಾಯಲ್ಲಿ ಎಷ್ಟು ಸಲ ಹೇಳಿದರೂ ಮಗುವಿಗೆ ಹಿಡಿಯುವುದು ಕಷ್ಟ, ಕೈಯಿಂದ ಜೋಡಿಸಿದರೆ ಬೇಗ ಹಿಡಿಯುತ್ತದೆ.

ಹಳೆಯ ಲಗ್ನಪತ್ರಿಕೆಗಳನ್ನು ಮನೆಮನೆಯಿಂದ ತರಿಸಿಕೊಳ್ಳಿ. ಅವುಗಳ ರಟ್ಟು ಗಟ್ಟಿಯಾಗಿರುತ್ತದೆ. ದೊಡ್ಡ ಚೀಟಿಗಳಲ್ಲಿ ಮೂಲಾಕ್ಷರಗಳು, ಸಣ್ಣ ಚೀಟಿಗಳಲ್ಲಿ ಒತ್ತುಗಳು, ಉದ್ದನೆಯ ಪಟ್ಟಿಗಳಲ್ಲಿ ಗುಡಿಸು, ಕೊಂಬು, ಏತ್ವ ಮೊದಲಾದ ಸ್ವರಚಿಹ್ನೆಗಳು ಇರಲಿ. ಗುಡಿಸಿನ ಪಟ್ಟಿ ಕಕಾರದ ತಲೆಕಟ್ಟನ್ನು ಪೂರ್ತಿಯಾಗಿ ಮುಚ್ಚುವಷ್ಟು ಅಗಲವಾಗಿರಬೇಕು, ಏಕೆಂದರೆ ‘ಕಿ’ಯಲ್ಲಿ ತಲೆಕಟ್ಟು ಉಳಿಯುವುದಿಲ್ಲ. ಈಗ ಮಗು ‘ಶ’ ಇಟ್ಟು ‘ಶ’ ಎನ್ನಬೇಕು. ಕಕಾರ ಇಟ್ಟು ‘ಕ್’ ಎಂದು ಉಸಿರನ್ನು ತಡೆಯಬೇಕು. ಕೆಳಗೆ ತ ಒತ್ತು ಸರಿಸಿ ‘ತ’ ಎನ್ನಬೇಕು. ಕಡೆಯಲ್ಲಿ ಗುಡಿಸಿನ ಪಟ್ಟಿಯನ್ನು ಎತ್ತಿ ಕಕಾರದ ತಲೆಯ ಮೇಲೆ ಇಡುವಾಗ ಬಾಯಲ್ಲಿ ‘ತಿ’ ಎನ್ನಬೇಕು. ಕೈ ಮೇಲಕ್ಕೆ ಹೋಗುತ್ತದೆ, ಬಾಯಿ ಕೆಳಗಿನ ಅಕ್ಷರವನ್ನು ಹೇಳುತ್ತದೆ. ಇದನ್ನು ಭಕ್ತಿ, ಮುತ್ತು, ಬಸ್ಸು, ರೊಟ್ಟಿ ಎಂದು ಬೇರೆ ಬೇರೆ ಪದಗಳಲ್ಲಿ ಮಾಡಿಸಿ. ಬಾಯಿ ಮುಚ್ಚಿಕೊಂಡು ಜೋಡಿಸುವ ಮಗುವಿಗೆ ಈ ಚೀಟಿಗಳಿಂದ ಏನೂ ಪ್ರಯೋಜನವಾಗುವುದಿಲ್ಲ.

ಒತ್ತುಗಳಲ್ಲಿಯೂ ಒಂದು ಕ್ರಮವಿರಲಿ. ಗ್ಗ, ಡ್ಡ, ಪ್ಪ, ಟ್ಟ, ಳ್ಳ ಇವುಗಳಲ್ಲಿ ಒತ್ತು ಮೂಲಾಕ್ಷರದ ಆಕಾರವನ್ನೇ ಹೋಲುತ್ತದೆ; ಅಲ್ಲಿಂದ ಆರಂಭಿಸಿ. ತ, ನ, ಮ, ಯ, ರ, ಲ ಈ ಆರರ ಒತ್ತುಗಳು ಬೇರೆಯೇ ಆಕಾರ ಪಡೆಯುತ್ತವೆ, ಆದ್ದರಿಂದ ಇವನ್ನು ಬೇರೆ ಬಣ್ಣದ ಚೀಟಿಗಳಲ್ಲಿ ಬರೆದು ಅತ್ತೆ, ಅನ್ನ, ಅಮ್ಮ, ಅಯ್ಯ, ಚಕ್ರ, ಬೆಲ್ಲ ಎಂಬ ಮನೆಯ ಮಾತುಗಳಿಂದ ಕಲಿಸಿ.

ಮಾರಿಯಾ ಮಾಂಟೆಸರಿ ಅವರು 1907ರಲ್ಲಿ ರೋಮ್ ನಗರದ ಬಡ ಬಡಾವಣೆಯೊಂದರಲ್ಲಿ ಮಕ್ಕಳ ಮನೆಯನ್ನು ಆರಂಭಿಸಿದರು. 1939ರಲ್ಲಿ ಭಾರತಕ್ಕೆ ಬಂದು ಯುದ್ಧದ ವರ್ಷಗಳನ್ನು ಇಲ್ಲಿಯೇ ಕಳೆದರು. ಅವರ ಪದ್ಧತಿಯಲ್ಲಿ ಬಿಡಿ ಅಕ್ಷರಗಳ ಪೆಟ್ಟಿಗೆ ಇರುವುದಕ್ಕೆ ಗಟ್ಟಿಯಾದ ಕಾರಣವಿದೆ. ಪದವನ್ನು ಮನಸ್ಸಿನಲ್ಲಿ ಕಟ್ಟುವುದು ಒಂದು ಕೆಲಸ, ಪೆನ್ಸಿಲ್ ಹಿಡಿದು ಆಕಾರ ಬಿಡಿಸುವುದು ಇನ್ನೊಂದು ಕೆಲಸ. ಎರಡನ್ನೂ ಒಟ್ಟಿಗೆ ಹೇರಬಾರದೆಂದು ಅವರು ಬೇರ್ಪಡಿಸಿದರು. ನಿಮ್ಮ ಮಕ್ಕಳಿಗೆ ಎರಡನೆಯದು ಬಂದಿದೆ, ಮೊದಲನೆಯದು ಬಂದಿಲ್ಲ. ಹಾಗಾಗಿ ಉಸುಕಿನಲ್ಲಿ ಬರೆಸುವುದು, ಉಸುಕು ಕಾಗದದ ಅಕ್ಷರಗಳ ಮೇಲೆ ಬೆರಳಾಡಿಸುವುದು ನಿಮ್ಮ ತರಗತಿಗೆ ಬೇಕಿಲ್ಲ. ಅವು ಒಂದನೆಯ ತರಗತಿಯ ಮಕ್ಕಳಿಗೆ ಸಲ್ಲುವಂಥವು.

ಅವಸರವೂ ಬೇಡ. ಕನ್ನಡದ 34 ವ್ಯಂಜನಗಳಿಗೆ ತಲಾ 15 ಗುಣಿತರೂಪಗಳೆಂದರೆ 510 ಆಕಾರಗಳಾದವು, ಒತ್ತಕ್ಷರಗಳು ಇದಕ್ಕೆ ಹೊರತು. ಇವೆಲ್ಲ ನಾಲ್ಕನೆಯ ತರಗತಿಯಲ್ಲಿ ಇನ್ನೂ ಕುದುರುತ್ತಿದ್ದರೆ ಮಗು ಹಿಂದುಳಿದಿದೆ ಎಂದು ಭಾವಿಸಬೇಕಾಗಿಲ್ಲ.

ಉತ್ತರ 2: ನಿವೃತ್ತ ಮುಖ್ಯಗುರು, ಆಳಂದ

ಶರಣಾರ್ಥಿ. ಒತ್ತಕ್ಷರದ ಬಗ್ಗೆ ಮೇಲೆ ಹೇಳಿದ್ದಕ್ಕೆ ಸೇರಿಸುವಂಥದ್ದು ನನ್ನಲ್ಲಿ ಏನೂ ಇಲ್ಲ. ವಾಕ್ಯ ಮತ್ತು ವಿಭಕ್ತಿಯ ಬಗ್ಗೆ ಬರೆಯುತ್ತೇನೆ.

ನಿಮ್ಮ ಮಕ್ಕಳು ಸುದ್ದಿ ಹೇಳುವುದರಲ್ಲಿ ಗಟ್ಟಿಗರು ಎಂದಿರಿ. ಬರವಣಿಗೆಯನ್ನು ಅಲ್ಲಿಂದಲೇ ಎತ್ತಿಕೊಳ್ಳಬೇಕು. ಒಬ್ಬ ಹುಡುಗ ಬೆಳಿಗ್ಗೆ ಬಂದು ‘ನಮ್ಮ ಎಮ್ಮಿ ಕರ ಹಾಕ್ಯಾದ್ರಿ’ ಎಂದನೆಂದು ಇಟ್ಟುಕೊಳ್ಳಿ. ಅವನು ಹೇಳಿದ ಮಾತನ್ನು ಹೇಳಿದಂತೆಯೇ ಖಡುವಿನಿಂದ (ಸೀಮೆಸುಣ್ಣದಿಂದ) ನೆಲದ ಫರಸಿಯ ಮೇಲೆ ಬರೆಯಿರಿ. ನಮ್ಮ ಭಾಗದ ಶಾಲೆಗಳ ನೆಲಕ್ಕೆ ಶಹಾಬಾದ್ ಕಲ್ಲೇ ಹೆಚ್ಚು. ಆ ಕಲ್ಲಿನ ಮೇಲೆ ಖಡುವಿನ ಬರಹ ಚೆನ್ನಾಗಿ ಮೂಡುತ್ತದೆ, ಒದ್ದೆ ಬಟ್ಟೆಗೆ ಅಳಿಸಿಹೋಗುತ್ತದೆ, ಐದಾರು ಮಕ್ಕಳು ಸುತ್ತಲೂ ಕುಳಿತು ಒಟ್ಟಿಗೆ ನೋಡಬಹುದು. ಅದರ ಕೆಳಗೆ ‘ನಮ್ಮ ಎಮ್ಮೆ ಕರು ಹಾಕಿದೆ’ ಎಂದು ಬರೆದು, ಎರಡನ್ನೂ ಬೆರಳಿಟ್ಟು ಓದಿಸಿ. ಮೇಲಿನದು ಮನೆಯ ಮಾತು, ಕೆಳಗಿನದು ಪುಸ್ತಕದ ಮಾತು ಎಂದಷ್ಟೇ ಹೇಳಿ. ಮನೆಯ ಮಾತನ್ನು ತಪ್ಪು ಎಂದು ಯಾವ ಕಾರಣಕ್ಕೂ ಕರೆಯಬೇಡಿ; ಒಮ್ಮೆ ಕರೆದರೆ ಆ ಹುಡುಗ ಎಮ್ಮೆಯ ಸುದ್ದಿಯನ್ನು ಮತ್ತೆ ತರಗತಿಗೆ ತರುವುದಿಲ್ಲ. ಆಮೇಲೆ ಪುಸ್ತಕದ ವಾಕ್ಯವನ್ನು ಕಾಗದದ ಪಟ್ಟಿಯ ಮೇಲೆ ಬರೆದು, ಪದಪದವಾಗಿ ಕತ್ತರಿಸಿ ಅವನಿಗೆ ಕೊಡಿ. ಅವನು ಜೋಡಿಸಿ ಓದಲಿ, ಮರುದಿನ ಅದಕ್ಕೆ ಇನ್ನೊಂದು ವಾಕ್ಯ ಸೇರಿಸಲಿ: ಕರು ಯಾವ ಬಣ್ಣದ್ದು, ಗಿಣ್ಣದ ಹಾಲನ್ನು ಯಾರಿಗೆ ಕೊಟ್ಟರು. ಪ್ರಬಂಧ ಹೀಗೆ ಒಂದೊಂದೇ ವಾಕ್ಯವಾಗಿ ಬೆಳೆಯುತ್ತದೆ.

ಇನ್ನು ವಿಭಕ್ತಿ. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ: ಮಗು ವ್ಯಾಕರಣವನ್ನು ಮನೆಯಿಂದಲೇ ಕಲಿತು ತಂದಿರುತ್ತದೆ, ನಾವು ಅದನ್ನು ಅದರ ಬಾಯಿಂದ ಕೈಗೆ ಇಳಿಸಿಕೊಟ್ಟರೆ ಸಾಕು. ನಮ್ಮ ಕಡೆಯ ಮಗು ‘ಮನ್ಯಾಗ’ ಎನ್ನುತ್ತದೆ, ‘ಗಿಡದಾಗ’ ಎನ್ನುತ್ತದೆ, ‘ಊರಾಗ’ ಎನ್ನುತ್ತದೆ. ಒಂದು ಚೀಟಿಯ ಒಂದು ಮಗ್ಗುಲಿಗೆ ‘ಆಗ’ ಎಂದೂ ಇನ್ನೊಂದು ಮಗ್ಗುಲಿಗೆ ‘ಅಲ್ಲಿ’ ಎಂದೂ ಬರೆಯಿರಿ. ಮನೆ, ಗಿಡ, ಊರು ಎಂಬ ಚೀಟಿಗಳನ್ನು ಸಾಲಾಗಿ ಇಡಿಸಿ, ಮೊದಲು ಮನೆಯ ಮಾತಿನಲ್ಲಿ ಕೂಡಿಸಿ ಹೇಳಿಸಿ. ‘ಮನ್ಯಾಗ’ ಎನ್ನುವಾಗ ನಡುವೆ ಯಕಾರ ಕೇಳಿಸುತ್ತದೆ, ‘ಗಿಡದಾಗ’ ಎನ್ನುವಾಗ ದಕಾರ ಕೇಳಿಸುತ್ತದೆ, ‘ಊರಾಗ’ ಎನ್ನುವಾಗ ಊರಿನ ಕೊನೆಯ ಉಕಾರ ಬಿದ್ದುಹೋಗುತ್ತದೆ. ಇವನ್ನು ಮಕ್ಕಳೇ ಕಂಡುಹಿಡಿಯಲಿ. ‘ಯ’ ಮತ್ತು ‘ದ’ ಎಂದು ಬರೆದ ಸಣ್ಣ ಹಳದಿ ಚೀಟಿಗಳನ್ನು ಅವರ ಕೈಗೆ ಕೊಟ್ಟು, ಎಲ್ಲಿ ಯಾವುದು ಬೇಕೋ ಅಲ್ಲಿ ಇಡಿಸಿ. ಈಗ ಪ್ರತ್ಯಯದ ಚೀಟಿಯನ್ನು ಮಗುಚಿದರೆ ಮನೆಯಲ್ಲಿ, ಗಿಡದಲ್ಲಿ, ಊರಲ್ಲಿ ಎಂದು ತಾನಾಗಿಯೇ ಬರುತ್ತದೆ. ಹಳದಿ ಚೀಟಿಗಳು ಇದ್ದಲ್ಲಿಯೇ ಇರುತ್ತವೆ. ಮುಂದೆ ಪಠ್ಯದಲ್ಲಿ ಲೋಪ ಸಂಧಿ, ಆಗಮ ಸಂಧಿ ಎಂಬ ಹೆಸರುಗಳು ಬಂದಾಗ ಆ ಮಕ್ಕಳಿಗೆ ಅವು ಕೈಯಲ್ಲಿ ಹಿಡಿದು ನೋಡಿದ ವಸ್ತುಗಳ ಹೆಸರುಗಳಾಗಿರುತ್ತವೆ.

ದ್ವಿತೀಯಾ ವಿಭಕ್ತಿಗೆ ನಾಲ್ಕೇ ಚೀಟಿ ಸಾಕು: ಹುಲಿ, ಆಕಳು, ಹಿಡಿಯಿತು, ಅನ್ನು. ‘ಹುಲಿ ಆಕಳನ್ನು ಹಿಡಿಯಿತು’ ಎಂದು ಜೋಡಿಸಿ, ಮೊದಲೆರಡು ಪದಗಳ ಸ್ಥಾನ ಬದಲಿಸಿ ‘ಆಕಳನ್ನು ಹುಲಿ ಹಿಡಿಯಿತು’ ಎಂದು ಓದಿಸಿ. ಯಾರು ಯಾರನ್ನು ಹಿಡಿದರು ಎಂದು ಕೇಳಿದರೆ ಉತ್ತರ ಬದಲಾಗುವುದಿಲ್ಲ. ಈಗ ‘ಅನ್ನು’ ಚೀಟಿಯನ್ನು ಮಾತ್ರ ಕಿತ್ತು ಹುಲಿಗೆ ಹಚ್ಚಿ: ‘ಆಕಳು ಹುಲಿಯನ್ನು ಹಿಡಿಯಿತು.’ ಇಡೀ ತರಗತಿ ನಗುತ್ತದೆ, ಆ ನಗುವಿನಲ್ಲಿಯೇ ಕರ್ತೃ ಯಾವುದು, ಕರ್ಮ ಯಾವುದು ಎಂಬುದು ತಿಳಿದುಹೋಗುತ್ತದೆ.

ಉತ್ತರ 3: ಪ್ರೌಢಶಾಲಾ ಕನ್ನಡ ಶಿಕ್ಷಕ, ಭಾಲ್ಕಿ

ಮೇಲಿನ ಇಬ್ಬರ ಅನುಭವದ ಬಗ್ಗೆಯೂ ನನಗೆ ಗೌರವವಿದೆ; ಆದರೂ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಚೀಟಿಗಳನ್ನು ತಪ್ಪಿಲ್ಲದೆ ಜೋಡಿಸುವ ಮಗು ನೋಟ್‌ಬುಕ್ಕಿನಲ್ಲಿ ಮತ್ತೆ ತಪ್ಪು ಬರೆಯುವುದನ್ನು ಧಾರಾಳವಾಗಿ ಕಾಣುತ್ತೇವೆ. ಜೋಡಿಸುವಾಗ ಬೇಕಾದ ತುಂಡುಗಳೆಲ್ಲ ಕಣ್ಣೆದುರಿಗೇ ಇರುತ್ತವೆ, ಆರಿಸಿಕೊಂಡರೆ ಆಯಿತು. ಬರೆಯುವಾಗ ಅವನ್ನು ನೆನಪಿನಿಂದ ತರಬೇಕು. ಈ ಎರಡರ ನಡುವೆ ಸೇತುವೆ ಕಟ್ಟದಿದ್ದರೆ ಚೀಟಿಗಳು ಆಟದ ಸಾಮಾನಾಗಿ ಉಳಿಯುತ್ತವೆ. ಆದ್ದರಿಂದ ಪ್ರತಿ ಪದವನ್ನು ಜೋಡಿಸಿದ ಮೇಲೆ ಮಗು ಅದನ್ನು ನೋಡಿ, ಮೇಲೆ ಬಟ್ಟೆ ಮುಚ್ಚಿ, ಪಾಟಿಯ ಮೇಲೆ ನೆನಪಿನಿಂದ ಬರೆದು, ಬಟ್ಟೆ ತೆಗೆದು ತಾನೇ ತಾಳೆ ನೋಡಬೇಕು. ತಪ್ಪಿದ್ದರೆ ಒರೆಸಿ ಮತ್ತೆ ಬರೆಯಬೇಕು. ಪಾಟಿಯ ಮೇಲಿನ ತಪ್ಪು ಅಂಗೈಯಿಂದ ಒರೆಸಿದರೆ ಹೋಗುವುದರಿಂದ ಮಗು ಅಂಜುವುದಿಲ್ಲ. ನೋಟ್‌ಬುಕ್ಕಿನ ಕೆಂಪು ಶಾಯಿಗೆ ಅಂಜುತ್ತದೆ.

ಎರಡನೆಯ ಮಾತು. ಎಲ್ಲ ಕಾಗುಣಿತವೂ ಕಿವಿಯಿಂದ ಬರುವುದಿಲ್ಲ. ನಮ್ಮ ಭಾಗದ ಮಾತಿನಲ್ಲಿ ಶಾಲೆ ‘ಸಾಲಿ’ ಆಗುತ್ತದೆ, ಶಕಾರ ಷಕಾರಗಳ ಭೇದವಂತೂ ಶಿಕ್ಷಕರ ಬಾಯಲ್ಲಿಯೂ ಅಪರೂಪ. ಹೀಗಿರುವಾಗ ‘ಸರಿಯಾಗಿ ಕೇಳಿಸಿಕೊಂಡು ಬರೆ’ ಎನ್ನುವುದು ಮಗುವಿಗೆ ಅನ್ಯಾಯ. ಇಲ್ಲಿ ಕೈಗೆ ಬೇರೆ ಕೆಲಸ ಕೊಡಬೇಕು. ಮೂರು ಬುಟ್ಟಿಗಳನ್ನು ಇಟ್ಟು, ಪಠ್ಯಪುಸ್ತಕದಿಂದ ಆರಿಸಿದ ಪದಗಳನ್ನು ಚೀಟಿಗಳಲ್ಲಿ ಬರೆದು, ಶ, ಷ, ಸ ಎಂದು ವಿಂಗಡಿಸಲು ಹೇಳಿ. ಕಷ್ಟ, ಇಷ್ಟ, ಎಷ್ಟು, ಕೃಷ್ಣ ಒಂದು ಬುಟ್ಟಿಗೆ. ಪಶ್ಚಿಮ, ನಿಶ್ಚಯ, ಆಶ್ಚರ್ಯ ಇನ್ನೊಂದಕ್ಕೆ. ಪುಸ್ತಕ, ರಸ್ತೆ, ವಸ್ತು ಮತ್ತೊಂದಕ್ಕೆ. ಟವರ್ಗದ ಒತ್ತಿನ ಮೇಲೆ ಷಕಾರ, ಚವರ್ಗದ ಒತ್ತಿನ ಮೇಲೆ ಶಕಾರ, ತವರ್ಗದ ಒತ್ತಿನ ಮೇಲೆ ಹೆಚ್ಚಾಗಿ ಸಕಾರ ಇರುವುದನ್ನು ಮಕ್ಕಳೇ ಗುರುತಿಸುತ್ತಾರೆ. ಪೋಸ್ಟು, ಸ್ಟೇಷನ್ ಮೊದಲಾದ ಇಂಗ್ಲಿಷ್ ಪದಗಳು, ಪ್ರಶ್ನೆ ಎಂಬಂಥ ಕೆಲವು ಪದಗಳು ಇದಕ್ಕೆ ಹೊರತು. ಅವುಗಳಿಗೆ ನಾಲ್ಕನೆಯ ಬುಟ್ಟಿ ಇಡಿ.

ತಿದ್ದುವಾಗ ಒಂದು ಸಲಕ್ಕೆ ಒಂದೇ ಬಗೆಯ ತಪ್ಪನ್ನು ತಿದ್ದಿ. ಈ ವಾರ ದೀರ್ಘ ಎಂದರೆ ದೀರ್ಘ ಮಾತ್ರ.

ಉತ್ತರ 2ರವರ ಮರುಮಾತು

ಗುರುಗಳು ಹೇಳಿದ ಮುಚ್ಚಿ ಬರೆಯುವ ಕ್ರಮವನ್ನು ನಾನು ಮನಸಾರೆ ಒಪ್ಪುತ್ತೇನೆ, ಅದನ್ನು ನನ್ನ ಉತ್ತರದ ಭಾಗವೆಂದೇ ಓದಿಕೊಳ್ಳಿ. ಆದರೆ ಮಗು ತನ್ನ ಸುದ್ದಿಯನ್ನು ಮೊದಲ ಸಲ ಬರೆಯುವಾಗ ದೀರ್ಘವನ್ನೂ ತಿದ್ದಬಾರದು ಎಂಬುದು ನನ್ನ ಅಭಿಪ್ರಾಯ. ಮೊದಲು ಅದು ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸಲಿ. ತಿದ್ದುವ ಕೆಲಸ ಮರುದಿನಕ್ಕೆ ಇರಲಿ, ಅದೂ ಮಗುವನ್ನು ಪಕ್ಕದಲ್ಲಿ ಕೂಡಿಸಿಕೊಂಡು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಎರಡು ಸಂದೇಹಗಳು ಉಳಿದಿವೆ. ಮನೆಯಲ್ಲಿ ಕನ್ನಡವಿಲ್ಲದ ಮಕ್ಕಳ ಬಾಯಲ್ಲಿ ‘ಮನ್ಯಾಗ’ ಎಂಬ ರೂಪವೂ ಇರುವುದಿಲ್ಲ, ಅವರನ್ನು ಹೇಗೆ ಸೇರಿಸಿಕೊಳ್ಳಲಿ? ಮತ್ತು ‘ಸೂರ್ಯ’, ‘ವರ್ಷ’ ಎಂಬಲ್ಲಿ ಬರುವ ಅರ್ಕಾವೊತ್ತನ್ನು ಚೀಟಿಗಳಲ್ಲಿ ಹೇಗೆ ತೋರಿಸಲಿ? ಮಕ್ಕಳು ಅದನ್ನು ‘ಸೂಯರ’, ‘ವಷರ’ ಎಂದು ಓದುತ್ತಾರೆ.

ಉತ್ತರ 4: ಪ್ರಾಥಮಿಕ ಶಾಲಾ ಶಿಕ್ಷಕಿ, ಗುರುಮಠಕಲ್, ಯಾದಗಿರಿ ಜಿಲ್ಲೆ

ನಮ್ಮದು ತೆಲಂಗಾಣದ ಗಡಿ. ಮನೆಯಲ್ಲಿ ಒಂದು ಭಾಷೆ, ಓಣಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಕನ್ನಡ ಎಂಬುದು ನಮ್ಮ ಮಕ್ಕಳಿಗೆ ಸಾಮಾನ್ಯ. ಈ ಮಕ್ಕಳು ತರಗತಿಗೆ ತರುವುದನ್ನು ಮೊದಲು ಗಮನಿಸಿ. ಕನ್ನಡ ಮನೆಮಾತಿನ ಮಕ್ಕಳು ಮಾತಿನಲ್ಲಿ ಮಹಾಪ್ರಾಣಗಳನ್ನು ಬಿಟ್ಟುಬಿಡುತ್ತಾರೆ. ಉರ್ದು, ಮರಾಠಿ, ಲಂಬಾಣಿ ಮಾತಾಡುವ ಮಕ್ಕಳ ಬಾಯಲ್ಲಿ ಖ, ಘ, ಧ, ಭ ಸಹಜವಾಗಿ ಇರುತ್ತವೆ. ಆದ್ದರಿಂದ ಮಹಾಪ್ರಾಣದ ಪಾಠವನ್ನು ಅವರ ಕೈಗೆ ಕೊಡಿ. ತೆಳುವಾದ ಕಾಗದದ ಪಟ್ಟಿಯನ್ನು ಬಾಯಿಯ ಮುಂದೆ ಹಿಡಿದು ‘ಕ’ ಎಂದರೆ ಅದು ಅಲುಗುವುದೇ ಕಡಿಮೆ, ‘ಖ’ ಎಂದರೆ ಹಾರಿ ನಿಲ್ಲುತ್ತದೆ. ತಾಂಡಾದ ಹುಡುಗಿಯೊಬ್ಬಳು ಕಾಗದ ಹಿಡಿದು ತೋರಿಸುತ್ತಿದ್ದರೆ ಉಳಿದವರು ಅವಳನ್ನು ನೋಡಿ ಕಲಿಯುತ್ತಾರೆ. ಕನ್ನಡ ಬಾರದವಳೆಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದ ಮಗು ಆ ದಿನ ತರಗತಿಗೆ ಕಲಿಸುತ್ತದೆ. ಇದರ ಪರಿಣಾಮವನ್ನು ನೀವೇ ನೋಡುವಿರಿ.

ಅವರಿಗೆ ತೊಡಕಾಗುವುದು ಬೇರೆ ಕಡೆ. ಉರ್ದು, ಮರಾಠಿಗಳಲ್ಲಿ ಎ–ಏ, ಒ–ಓ ಎಂಬ ಹ್ರಸ್ವ ದೀರ್ಘಗಳ ಭೇದವಿಲ್ಲ, ಆದ್ದರಿಂದ ಕೊಡು–ಕೋಡು, ಬೆಳೆ–ಬೇಳೆ ಇವುಗಳಲ್ಲಿ ತಪ್ಪುತ್ತಾರೆ. ಉರ್ದುವಿನಲ್ಲಿ ಳಕಾರವೂ ಇಲ್ಲ. ಹಳ್ಳಿ ಮತ್ತು ಹಲ್ಲಿ ಅವರಿಗೆ ಒಂದೇ ಕೇಳಿಸುತ್ತವೆ. ಇಲ್ಲಿ ತೆಲುಗು ಮಕ್ಕಳನ್ನು ಜೊತೆಗೆ ಕೂಡಿಸಿ, ತೆಲುಗಿನಲ್ಲಿ ಈ ಎಲ್ಲ ಭೇದಗಳೂ ಇವೆ. ನಾನು ನೆಲದ ಮೇಲೆ ಒಂದು ಗಿಡ್ಡ ಗೆರೆ, ಒಂದು ಉದ್ದ ಗೆರೆ ಎಳೆದು, ಪದ ಹೇಳುತ್ತಾ ಮಕ್ಕಳನ್ನು ಗೆರೆಯ ಮೇಲೆ ನಡೆಸುತ್ತೇನೆ. ‘ಬೆ’ ಎಂದರೆ ಗಿಡ್ಡ ಗೆರೆಯ ಮೇಲೆ ಒಂದು ಹೆಜ್ಜೆ, ‘ಬೇ’ ಎಂದರೆ ಉಸಿರು ಮುಗಿಯುವ ತನಕ ಉದ್ದ ಗೆರೆಯ ಮೇಲೆ ನಡಿಗೆ. ನಡೆದ ಮೇಲೆ ಒಂದು ಮುಷ್ಟಿ ತೊಗರಿಬೇಳೆ ತೋರಿಸಿ ‘ಇದು ಬೆಳೆಯೋ ಬೇಳೆಯೋ’ ಎಂದು ಕೇಳಿ, ಆಮೇಲೆ ಪಾಟಿಯ ಮೇಲೆ ಬರೆಸುತ್ತೇನೆ. ಹೊಲದಲ್ಲಿ ನಿಂತಿರುವ ತೊಗರಿ ಬೆಳೆ, ಗಿರಣಿಯಿಂದ ಬಂದದ್ದು ಬೇಳೆ ಎಂಬುದನ್ನು ನಮ್ಮ ಭಾಗದ ಯಾವ ಮಗುವಿಗೂ ವಿವರಿಸಬೇಕಾಗಿಲ್ಲ.

ಪ್ರತ್ಯಯದ ಚೀಟಿಗಳಿಗೂ ಉಪಾಯವಿದೆ. ಆ ಮಕ್ಕಳ ಮನೆಮಾತಿನಲ್ಲಿ ‘ಮನೆಯಲ್ಲಿ’ ಎನ್ನಲು ಏನು ಹೇಳುತ್ತಾರೆಂದು ಅವರನ್ನೇ ಕೇಳಿ, ಅದನ್ನು ಕನ್ನಡ ಲಿಪಿಯಲ್ಲಿ ಬರೆದು ಮೂರನೆಯ ಚೀಟಿ ಮಾಡಿ. ತೆಲುಗಿನಲ್ಲಿ ‘ಇಂಟ್ಲೋ’, ಉರ್ದುವಿನಲ್ಲಿ ‘ಘರ್ ಮೇ’. ಎಲ್ಲ ಕಡೆಯೂ ಸ್ಥಳ ಹೇಳುವ ತುಂಡು ಪದದ ಹಿಂದೆಯೇ ಬರುತ್ತದೆ ಎಂದು ಕಂಡಾಗ ಮಕ್ಕಳ ಅಂಜಿಕೆ ಅರ್ಧ ಕಡಿಮೆಯಾಗುತ್ತದೆ.

ಉತ್ತರ 1ರವರಿಂದ, ಅರ್ಕಾವೊತ್ತಿನ ಬಗ್ಗೆ

ಅರ್ಕಾವೊತ್ತಿನಲ್ಲಿ ಕೇಳುವ ಕ್ರಮ ಮತ್ತು ಬರೆಯುವ ಕ್ರಮ ತಿರುವುಮುರುವು: ರೇಫವನ್ನು ಮೊದಲು ಹೇಳುತ್ತೇವೆ, ಕೊನೆಗೆ ಬರೆಯುತ್ತೇವೆ. ಅದಕ್ಕೆ ಒಂದು ಚೀಟಿಯ ಒಂದು ಮಗ್ಗುಲಿಗೆ ‘ರ್’ ಎಂದೂ ಇನ್ನೊಂದು ಮಗ್ಗುಲಿಗೆ ಅರ್ಕಾವೊತ್ತಿನ ಚಿಹ್ನೆಯನ್ನೂ ಬರೆಯಿರಿ. ಮಗು ‘ಸೂ’, ‘ರ್’, ‘ಯ’ ಎಂದು ಹೇಳುತ್ತಾ ಮೂರನ್ನೂ ಕೇಳಿದ ಕ್ರಮದಲ್ಲಿ ಇಡಲಿ. ಆಮೇಲೆ ನಡುವಿನ ಚೀಟಿಯನ್ನು ಎತ್ತಿ, ಯಕಾರದ ಮೇಲಿಂದ ದಾಟಿಸಿ, ಮಗುಚಿ ಅದರ ಬಲಕ್ಕೆ ಇಡಲಿ. ಓದುವಾಗ ಇದನ್ನೇ ಹಿಂದುಮುಂದಾಗಿ ಮಾಡಿಸಿ: ಚಿಹ್ನೆ ಕಂಡ ಕೂಡಲೇ ಚೀಟಿಯನ್ನು ಎಡಕ್ಕೆ ತಂದು, ಮಗುಚಿ, ಆಮೇಲೆ ಓದಬೇಕು. ಸೂರ್ಯ, ಕಾರ್ಯ, ವರ್ಷ, ಮಾರ್ಗ, ಅರ್ಧ, ಸರ್ಪ ಇಷ್ಟು ಪದಗಳು ಮೊದಲ ವಾರಕ್ಕೆ ಸಾಕು.